ಹೊಸ್ತಿಲು ದಾಟದ ಗಂಟು

ಮಾಘ ಮಾಸ, ಬಹುಳ ತದಿಗೆ, ಸೋಮವಾರ. ಬೆಳಗಿನ ಪೂಜೆ ಮುಗಿದು ಒಲೆಗೆ ಕಿಚ್ಚು ಹಾಕಿದ ಹೊತ್ತು. ಮನೆಯಲ್ಲಿ ಇದ್ದವರು ಅತ್ತೆ ಮತ್ತು ನಾನು. ನನ್ನ ಗಂಡ ವಾಡಿ ಸ್ಟೇಶನ್ನಿನಲ್ಲಿ ರೈಲಿನ ನೌಕರಿ ಮಾಡುತ್ತಿದ್ದರು, ಊರಿಗೆ ಬರುವುದು ಯಾವಾಗಲೋ ಒಮ್ಮೆ. ಮಾವ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಊರು ದಂಡೋತಿ, ಕಾಗಿಣಾ ನದಿಯ ದಂಡೆ. ಕಾಲ ನಿಜಾಮರದು. ಇಸವಿ ನನಗೆ ತಿಳಿಯದು. ಕಚೇರಿಯವರು ಫಸಲಿ ಸನ್ ಎಂದು ಬೇರೆಯೇ ಲೆಕ್ಕ ಹೇಳುತ್ತಿದ್ದರು, ನಮ್ಮ ಮನೆಗೆಲಸಕ್ಕೆ ತಿಥಿ, ವಾರ ಸಾಕಾಗುತ್ತಿದ್ದವು. ನನಗೆ ಮದುವೆಯಾಗಿ ನಾಲ್ಕನೆಯ ವರ್ಷ. ಮಕ್ಕಳಾಗಿರಲಿಲ್ಲ. ಮುಂದಿನದೆಲ್ಲ ಈ ಕೊನೆಯ ಮಾತಿನ ಮೇಲೆ ನಿಂತಿರುವುದರಿಂದ ಅದನ್ನು ಮೊದಲೇ ಬರೆದಿಟ್ಟಿದ್ದೇನೆ.

ಅತ್ತೆಯ ಮನೆಯಲ್ಲಿ ಕೆಲಸಕ್ಕೆ ಸಾಲಿತ್ತು. ಕಸ, ನೀರು, ಸ್ನಾನ, ಲಿಂಗಪೂಜೆ, ಆಮೇಲೆ ಒಲೆ. ಪೂಜೆಯಾಗದೆ ಒಂದು ಗುಟುಕು ನೀರೂ ಗಂಟಲಿಗೆ ಇಳಿಯುವಂತಿರಲಿಲ್ಲ. ಒಲೆಯ ಮೇಲಿನದು ಇಳಿಯುವ ತನಕ ಇನ್ನೊಂದಕ್ಕೆ ಕೈ ಹಾಕುವಂತಿರಲಿಲ್ಲ. ರೊಟ್ಟಿ ಬಡಿಯುವಾಗ ಮಾತಾಡಿದರೆ, "ರೊಟ್ಟಿ ಕೈಲೆ ಬಡೀತಿಯೋ ಬಾಯಿಲೆ ಬಡೀತಿಯೋ?" ಎನ್ನುತ್ತಿದ್ದರು. ಮೊದಲ ವರ್ಷ ಅಳು ಬಂತು, ಎರಡನೆಯ ವರ್ಷ ಸಿಟ್ಟು ಬಂತು, ಮೂರನೆಯ ವರ್ಷ ಅದೇ ಸಾಲು ನನ್ನ ಮೈಗೆ ಹತ್ತಿತು. ಇಂದಿಗೂ ಬಿಟ್ಟಿಲ್ಲ. ನನ್ನ ಸೊಸೆಯಂದಿರು ಬೆನ್ನ ಹಿಂದೆ ನಗುತ್ತಾರೆ, ನನಗೆ ಗೊತ್ತಿದೆ.

ಊಟಕ್ಕೆ ಆ ಮನೆಯಲ್ಲಿ ಕೊರತೆ ಇರಲಿಲ್ಲ. ಬಿಸಿ ರೊಟ್ಟಿ, ತೊಗರಿಬೇಳೆ, ಕಾಲಕ್ಕೆ ತಕ್ಕ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಇದ್ದವು, ಮಜ್ಜಿಗೆ ಬೇಕಾದಷ್ಟು. ಗಂಡ ವಾಡಿಯಿಂದ ಬರುವಾಗ ಕಾಗದದ ಪೊಟ್ಟಣದಲ್ಲಿ ಚಹಾಪುಡಿ ತರುತ್ತಿದ್ದರು. ಅತ್ತೆ ಅದನ್ನು ಮೊದಲು "ಕರೀ ಕಷಾಯ" ಎಂದು ಹಳಿದರು. ಒಂದು ಚಳಿಗಾಲ ಬೆಲ್ಲ, ಶುಂಠಿ ಹಾಕಿ ಕುದಿಸಿಕೊಟ್ಟೆ. ಕುಡಿದು ಲೋಟ ಕೆಳಗಿಟ್ಟರು. ಮರುದಿನ ಅದೇ ಹೊತ್ತಿಗೆ ಬಂದು ಒಲೆಯ ಮುಂದೆ ಸುಮ್ಮನೆ ಕುಳಿತರು. ಅಂದಿನಿಂದ ಚಹಾ ಕೂಡ ಸಾಲಿನಲ್ಲಿ ಸೇರಿತು.

ಇಷ್ಟೆಲ್ಲ ಇದ್ದರೂ ನನ್ನ ನಾಲಿಗೆ ಒಂದಕ್ಕಾಗಿ ಹಂಬಲಿಸುತ್ತಿತ್ತು. ಅಂಬಲಿ. ನನ್ನ ತವರು ಚಿಂಚೋಳಿಯ ಕಡೆಯ ಐನಾಪುರ. ಅಲ್ಲಿ ಅವ್ವನ ಅಡುಗೆಮನೆಯ ಮೂಲೆಯಲ್ಲಿ ಹುಳಿಗಡಿಗೆ ಕುಳಿತಿರುತ್ತಿತ್ತು. ರಾತ್ರಿ ಜೋಳದ ಹಿಟ್ಟು ನೀರಲ್ಲಿ ಕಲಸಿ ಅದರಲ್ಲಿ ಹಾಕಿದರೆ, ಹಿಂದಿನ ದಿನ ತಳದಲ್ಲಿ ಬಿಟ್ಟ ಹುಳಿ ಬೆಳಗಾಗುವುದರೊಳಗೆ ಹೊಸ ಹಿಟ್ಟನ್ನೂ ಹುಳಿ ಮಾಡಿಡುತ್ತಿತ್ತು. ಅದನ್ನು ಕುದಿವ ನೀರಿಗೆ ಹೊಯ್ದು ತಿರುವಿದರೆ ಮನೆ ತುಂಬ ಒಂದು ವಾಸನೆ. ಹಸಿ ಹೊಲದ್ದೂ ಅಲ್ಲ, ಮೊಸರಿನದೂ ಅಲ್ಲ, ಎರಡರ ನಡುವಿನದು. ಚಳಿಗಾಲದಲ್ಲಿ ಬಿಸಿಯಾಗಿ, ಬೇಸಿಗೆಯಲ್ಲಿ ತಣ್ಣಗೆ ಮಾಡಿ, ಒಂದು ಉಳ್ಳಾಗಡ್ಡಿ ಗುದ್ದಿ ಒಡೆದು ಕೈಯಲ್ಲಿ ಹಿಡಿದು ಕುಡಿಯುತ್ತಿದ್ದೆವು. ಹೊಟ್ಟೆ ತುಂಬುವ ಮೊದಲೇ ಮನಸ್ಸು ತುಂಬುತ್ತಿತ್ತು.

ದಂಡೋತಿಯಲ್ಲಿ ಒಮ್ಮೆ ಕೇಳಿಯೂ ನೋಡಿದ್ದೆ. ಅತ್ತೆ, "ಎರಡು ಎಮ್ಮಿ ಕಟ್ಟೀನಿ. ಮಜ್ಜಿಗಿ ಮನಿ ತುಂಬ ಹರೀಲಿಕತ್ತದ. ಹುಳಿಗಡಿಗಿ ಯಾಕ ಬೇಕವ್ವ? ಅದನ್ನ ದಿನಾ ಸಂಬಾಳಸಬೇಕು, ಕೂಸು ಇದ್ದಂಗ," ಎಂದರು. ಎಂದವರೇ ನಾಲಿಗೆ ಕಚ್ಚಿಕೊಂಡರು. ಕೂಸಿನ ಮಾತು ಆ ಮನೆಯಲ್ಲಿ ಆಡುತ್ತಿರಲಿಲ್ಲ. ನಾನೂ ಮತ್ತೆ ಅಂಬಲಿಯ ಮಾತೆತ್ತಲಿಲ್ಲ.

ಆ ಸೋಮವಾರ ಅಂಗಳದಲ್ಲಿ ಕೆಮ್ಮು ಕೇಳಿಸಿತು. ಕೆಮ್ಮಿನಿಂದಲೇ ಗುರುತು ಹತ್ತಿತು. ಹೊರಗೆ ಓಡಿದೆ. ಅಪ್ಪ ಕಟ್ಟೆಯ ಕೆಳಗೆ ನಿಂತಿದ್ದ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಗಂಟು, ಇನ್ನೊಂದು ಕೈಯಲ್ಲಿ ಬಾಯಿ ಕಟ್ಟಿದ ಸೋರೆಬುರುಡೆ. ಮೈಮೇಲೆಲ್ಲ ಕಲ್ಲಿನ ಬಿಳಿ ಧೂಳು.

ಐನಾಪುರದ ಮನೆಯ ಪಡಸಾಲೆಗೆ ಹಾಸಲು ಫರಸಿ ಕಲ್ಲು ತರಲೆಂದು ಬಂಡಿ ಹೂಡಿಕೊಂಡು ಶಹಾಬಾದಿಗೆ ಹೋಗಿದ್ದನಂತೆ. ಫರಸಿ ಹೇರಿಕೊಂಡು ತಿರುಗಿ ಬರುವಾಗ ಐತವಾರ ಸಂಜೆ ದಂಡೋತಿಗೆ ಮುಟ್ಟಿದ. ಹೊಳೆಯ ದಂಡೆಯಲ್ಲಿ ಬಂಡಿ ಬಿಟ್ಟು ಅಲ್ಲೇ ಮಲಗಿದ್ದ. ಸೋಮವಾರ ನಮ್ಮಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಹಾಗಾಗಿ ಮಂಗಳವಾರ ಬೆಳಗಿನ ತನಕ ಅವನು ಊರು ಬಿಟ್ಟು ಹೋಗುವಂತಿರಲಿಲ್ಲ.

"ಬರ್ರಿ ಬೀಗ್ರ, ಮ್ಯಾಲ ಬರ್ರಿ. ಕುಂದ್ರಿ," ಎಂದು ಅತ್ತೆ ಬಾಗಿಲಿಗೆ ಬಂದರು.

"ಇಲ್ಲೇ ಚಲೋ ಅದರಿ ಅಕ್ಕೋರ. ಬಿಸಲ ಬಿದ್ದದ," ಎಂದು ಅಪ್ಪ ಕಟ್ಟೆಯ ಅಂಚಿಗೆ ಕುಳಿತ.

ನಾನು ತಂಬಿಗೆಯಲ್ಲಿ ನೀರು ತಂದೆ. ಅಪ್ಪ ಆ ನೀರಿನಿಂದ ಕೈಕಾಲು ತೊಳೆದ. ಕುಡಿಯಲಿಲ್ಲ.

ಕುಡಿಯಲಾರ ಎಂದು ನನಗೆ ಗೊತ್ತಿತ್ತು. ನಮ್ಮ ತವರಿನ ಮನೆತನದಲ್ಲಿ ನೇಮವಿತ್ತು. ಕೊಟ್ಟ ಮಗಳ ಮಡಿಲಲ್ಲಿ ಕೂಸು ಆಡುವ ತನಕ ಹೆತ್ತವರು ಆ ಮನೆಯ ಅನ್ನ, ನೀರು ಮುಟ್ಟುವುದಿಲ್ಲ. ನಾಲ್ಕು ವರ್ಷದಲ್ಲಿ ಅಪ್ಪ ಬಂದದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಕಟ್ಟೆಯ ಮೇಲೆ ಕುಳಿತು, ಬಾಯಿ ಒಣಗಿಸಿಕೊಂಡು ಮಾತಾಡಿ, ಎದ್ದು ಹೋಗಿದ್ದ. ನಾನು ದಿನಾ ಇಷ್ಟು ರೊಟ್ಟಿ ಬಡಿಯುತ್ತಿದ್ದೆ. ದಾರಿಹೋಕರು ಉಂಡಿದ್ದರು, ಭಿಕ್ಷೆಗೆ ಬಂದ ಜಂಗಮರು ಉಂಡಿದ್ದರು, ಅಪ್ಪ ಮಾತ್ರ ನನ್ನ ಕೈಯ ಒಂದು ತುತ್ತು ಉಂಡಿರಲಿಲ್ಲ. ತವರಿನಲ್ಲಿದ್ದಾಗ ಅವ್ವನೇ ಒಲೆ ಹಿಡಿದಿದ್ದಳು, ನನ್ನ ಕೈಗೆ ಕೊಟ್ಟಿರಲಿಲ್ಲ. ಇನ್ನು ಈಗ ಒಂದು ಇಡೀ ದಿನ ಅವನು ನಮ್ಮೂರಿನಲ್ಲೇ ಹಸಿದುಕೊಂಡು ಕೂರುವವನು, ನಾನು ಒಳಗೆ ಉಣ್ಣುವವಳು.

"ಬುತ್ತಿ ಅದ ಏನು?" ಎಂದೆ.

"ನಿಮ್ಮವ್ವನ ಕಡಕ್ ರೊಟ್ಟಿ ನಿನ್ನಿ ಸಂಜಿಗೆ ಮುಗದಾವ. ಹಿಂಡಿ ಮೊನ್ನೆನೇ ತಳ ಕಂಡದ. ಇರಲಿ ಬಿಡವ್ವ, ಸೋಮಾರ ಒಂದು ಒಪ್ಪತ್ತು ಅಂದ್ರಾತು."

"ಒಪ್ಪತ್ತಂದ್ರ ಒಂದು ಹೊತ್ತರ ಉಣ್ಣಬೇಕಲಾ."

ಅಪ್ಪ ನಕ್ಕು, ಗಂಟನ್ನು ಕಟ್ಟೆಯ ಮೇಲೆ ಇಟ್ಟ. "ಇದು ನಿಮ್ಮವ್ವ ನಿನಗ ಕಳಿಸ್ಯಾಳ. ಹೊಸ ಜ್ವಾಳದ ಹಿಟ್ಟು, ತೊಗರಿಬ್ಯಾಳಿ, ಬಳ್ಳೊಳ್ಳಿ, ಒಣ ಮೆಣಸಿನಕಾಯಿ. ಕಾಡಿಗಿ ಹೋಗಿ ಮುತ್ತಲ ಎಲಿ ತಂದು ಪತ್ರೋಳಿ ಹಚ್ಯಾಳ. ಮತ್ತ ಈ ಬುರುಡಿಯೊಳಗ ಅಂಬ್ಲಿ ಹುಳಿ. ದಿನಾ ಸಂಜಿಕ್ಕ ಒಂದು ಹಿಡಿ ಹಿಟ್ಟು ಹಾಕು ಅಂತ ಹೇಳಿದ್ಲು. ಎತ್ತಿನಕಿಂತ ಇದರ ಚಾಕರಿನೇ ಭಾಳ ಆತು ನನಗ."

ನಾನು ಗಂಟನ್ನು ಎತ್ತಿಕೊಂಡು ಒಳಗೆ ತಿರುಗಿದೆ. ಅತ್ತೆ ಅಡ್ಡ ಕೈ ಹಿಡಿದರು.

"ಅಲ್ಲೇ ಇಡು ಅದನ್ನ."

 ಹುಳಿಬುರುಡೆ ಮನೆಯೊಳಗೆ ಬೇಡ ಎನ್ನುತ್ತಾರೆಂದು ತಿಳಿದೆ. ಅತ್ತೆ ಅಪ್ಪನ ಕಡೆ ತಿರುಗಿದರು.

"ಬೀಗ್ರ, ಈ ಗಂಟು ಇನ್ನಾ ನಮ್ಮ ಹೊಸ್ತಿಲಾ ದಾಟಿಲ್ಲ. ಹೌದಿಲ್ಲರಿ?"

"ಹೌದರಿ."

"ದಾಟೂತನಾ ಇದು ಯಾರದು?"

ಅಪ್ಪ ಗಂಟಿನ ಕಡೆ ನೋಡಿದ. "ನಂದೇ ಅನಬೇಕಲ್ಲರಿ."

"ಹೊಳಿ ನೀರು ಯಾರದು?"

"ಹೊಳಿ ಯಾರಪ್ಪಂದರಿ? ಯಾರದೂ ಅಲ್ಲ."

"ಮತ್ತ ನಿಮ್ಮ ಹಿಟ್ಟು, ಹೊಳಿ ನೀರು, ಮಗಳ ಕೈ. ಇದರಾಗ ನಮ್ಮ ಮನೀದು ಏನದ? ಕೈ ಸುದ್ದಾ ನೀವೇ ಹಡದದ್ದು."

ಅಪ್ಪ ಗಡ್ಡ ಕೆರೆದುಕೊಂಡ. ಹಳ್ಳಿಯ ನ್ಯಾಯಕ್ಕೆ ಕುಳಿತ ಹಿರಿಯನಂತೆ ಯೋಚಿಸಿದ. ಆಮೇಲೆ ಅವನ ಮುಖದಲ್ಲಿ ನಗು ಮೆಲ್ಲಗೆ ಹರಡಿತು. "ವಕೀಲಕಿ ನಿಮ್ಮಂಥವರು ಮಾಡಬೇಕ್ರಿ ಅಕ್ಕೋರ," ಎಂದ.

"ವಕೀಲರಕಿಂತ ನೀವೇ ಶ್ಯಾಣ್ಯಾರದೀರಿ. ಐತವಾರ ಸಂಜಿಕ್ಕೇ ದಂಡೋತಿ ಮುಟ್ಟಬೇಕಂತ ಎತ್ತಿಗಿ ಎಷ್ಟು ಬಾರಕೋಲ ಬೀಸಿರೇನೋ. ಸೋಮಾರ ಬಸವಣ್ಣಗ ರಜಾ, ನಿಮಗ ನೆವ."

ಅಪ್ಪ ಮೇಲೆದ್ದು ಕಂಬಳಿ ಸರಿಮಾಡಿಕೊಂಡ.

ಸಾಲು ತಪ್ಪದಂತೆ ಅತ್ತೆ ಮನೆಯ ಕೆಲಸ ಮುಗಿಸಿದರು. ಎಮ್ಮೆಗಳಿಗೆ ಮೇವು ಹಾಕಿ, ಒಲೆಯ ಕೆಂಡ ಬೂದಿಯಲ್ಲಿ ಮುಚ್ಚಿ, ಬಾಗಿಲಿಗೆ ಕೀಲಿ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, "ನಡಿ, ನಾನೂ ಬರ್ತೀನಿ. ನೋಡವರು ಒಬ್ಬರು ಇರಬೇಕು," ಎಂದರು. ಅಪ್ಪ ಗಂಟು, ಬುರುಡೆ ಎತ್ತಿಕೊಂಡು ಮುಂದೆ ನಡೆದ. ನಾನು ಬರಿಗೈಯಲ್ಲಿ ಹಿಂದೆ. ಮನೆಯಿಂದ ಒಂದು ಕಡ್ಡಿಯನ್ನೂ ತರಬಾರದೆಂದು ಅತ್ತೆ ಹೇಳಿದ್ದರು.

ಹೊಳೆ ಆ ದಿನಗಳಲ್ಲಿ ಇಳಿದಿರುತ್ತದೆ. ಬಂಡೆಗಳ ನಡುವೆ ತಿಳಿನೀರು ಹರಿಯುತ್ತಿತ್ತು. ದಂಡೆಯ ಮೇಲೆ ಒಂದು ದೊಡ್ಡ ಹುಣಸೆಮರ, ಅದರ ನೆರಳಲ್ಲಿ ಫರಸಿ ಹೇರಿದ ಬಂಡಿ, ಪಕ್ಕದಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಎತ್ತುಗಳು. ಬಂಡಿಯಲ್ಲಿ ಅಪ್ಪ ಶಹಾಬಾದಿನ ಸಂತೆಯಲ್ಲಿ ಅವ್ವನಿಗೆಂದು ಕೊಂಡ ಕಬ್ಬಿಣದ ಹಂಚು, ಹೊಸ ಮಣ್ಣಿನ ಗಡಿಗೆ ಮತ್ತು ಅವನ ದಾರಿಯ ತಪೇಲಿ, ಬಟ್ಟಲು ಇದ್ದವು. ನಾನು ಮೂರು ಕಲ್ಲು ಹುಡುಕಿ ಒಲೆ ಹೂಡಿದೆ. ಜಾಲಿಯ ಒಣ ಕಡ್ಡಿ ಆರಿಸಿದೆ. ಅಪ್ಪ ಚಕಮಕಿ ಕುಟ್ಟಿ ಹತ್ತಿಗೆ ಕಿಡಿ ಹಿಡಿಸಿ ಕೊಟ್ಟು, ಸ್ನಾನಕ್ಕೆ ನೀರಿಗೆ ಇಳಿದ. ಸ್ನಾನ, ಪೂಜೆ ಮುಗಿಯುವುದರೊಳಗೆ ಅಡುಗೆಯಾಗಬೇಕು. ಅತ್ತೆ ಬಂಡಿಯ ಗಾಲಿಗೆ ಬೆನ್ನು ಕೊಟ್ಟು ಕುಳಿತರು.

ಗಡಿಗೆಯನ್ನು ಹೊಳೆಯಲ್ಲಿ ತೊಳೆದು, ನೀರು ತುಂಬಿಸಿ ಒಲೆಯ ಮೇಲಿಟ್ಟೆ. ಬುರುಡೆಯ ಬಾಯಿ ಬಿಚ್ಚಿದೆ. ಅದೇ ವಾಸನೆ. ಒಂದು ಕ್ಷಣ ಕೈ ನಿಂತುಬಿಟ್ಟಿತು. ಅವ್ವನ ಅಡುಗೆಮನೆಯ ಕತ್ತಲೆಯ ಮೂಲೆ, ಗಡಿಗೆಯ ಮೇಲೆ ಮುಚ್ಚಿದ ಬಟ್ಟಲು, ಅದನ್ನು ತೆಗೆಯುವಾಗಿನ ಸದ್ದು, ಎಲ್ಲ ಆ ಬುರುಡೆಯೊಳಗೆ ಇದ್ದವು.

"ನೀರು ಕುದೀಲಿಕತ್ತದ," ಎಂದರು ಅತ್ತೆ, ಕಣ್ಣು ತೆರೆಯದೆ.

ಹಿಟ್ಟನ್ನು ಹುಳಿಯಲ್ಲಿ ಕಲಸಿ ಕುದಿಗೆ ಹೊಯ್ದು, ತೊಗರಿಯ ಕಟ್ಟಿಗೆಯಿಂದ ತಿರುವಿದೆ. ಮರುದಿನಕ್ಕೆಂದು ಬುರುಡೆಯ ತಳದಲ್ಲಿ ಸ್ವಲ್ಪ ಉಳಿಸಿದೆ. ಅದು ನೆನೆದು ಮಾಡಿದ್ದಲ್ಲ, ಕೈ ತಾನೇ ನಿಂತಿತು. ಅವ್ವನ ಮನೆಯಲ್ಲಿ ಹುಳಿಯನ್ನು ಎಂದೂ ಪೂರ್ತಿ ಬರಿದು ಮಾಡುತ್ತಿರಲಿಲ್ಲ. ಅಂಬಲಿ ಇಳಿಸಿ, ತಪೇಲಿಯಲ್ಲಿ ಬೇಳೆ ಇಟ್ಟೆ. ಬೇಳೆ ಕುದಿಯುತ್ತ ಬೆಣ್ಣೆಯಂತಾಗುವ ಹೊತ್ತಿಗೆ ಉಪ್ಪಿಗೆಂದು ಗಂಟಿಗೆ ಕೈ ಹಾಕಿದೆ.

ಬೆಳ್ಳುಳ್ಳಿ ಸಿಕ್ಕಿತು. ಮೆಣಸಿನಕಾಯಿ ಸಿಕ್ಕಿತು. ಬೆಲ್ಲದ ಒಂದು ಹೆಂಟೆ ಸಿಕ್ಕಿತು. ಉಪ್ಪು ಸಿಗಲಿಲ್ಲ. ಗಂಟನ್ನು ಬಿಚ್ಚಿ ಬಟ್ಟೆಯನ್ನೇ ಕೊಡವಿದೆ.

"ಏನು ಹುಡಕ್ತಿ?" ಎಂದರು ಅತ್ತೆ.

"ಉಪ್ಪು ಇಲ್ರಿ."

ಅತ್ತೆ ಎದ್ದು ಬಂದು ನೋಡಿದರು. "ಸಂಜಿ ದೀಪ ಹಚ್ಚಿದ ಮ್ಯಾಲ ಕಟ್ಯಾಳ ನಿಮ್ಮವ್ವ," ಎಂದರು. "ನಾ ಇದ್ರೂ ಹಂಗೇ ಮಾಡ್ತಿದ್ದೆ."

ಅಷ್ಟು ಸಾಕಾಯಿತು, ನನಗೆ ತಿಳಿಯಿತು. ದೀಪ ಹಚ್ಚಿದ ಮೇಲೆ ಉಪ್ಪು ಮನೆಯಿಂದ ಹೊರಗೆ ಹೋಗಬಾರದು, ಹೋದರೆ ಲಕ್ಷ್ಮಿ ಜೊತೆಗೆ ಹೋಗುತ್ತಾಳೆ. ಅವ್ವ ನಸುಕಿನಲ್ಲಿ ಹೊರಡುವ ಬಂಡಿಗೆ ಸಂಜೆಯೇ ಗಂಟು ಕಟ್ಟಿದ್ದಾಳೆ, ಉಪ್ಪನ್ನು ಬೆಳಿಗ್ಗೆ ಹಾಕೋಣ ಎಂದುಕೊಂಡಿದ್ದಾಳೆ, ಬೆಳಗಿನ ಗಡಿಬಿಡಿಯಲ್ಲಿ ಮರೆತಿದ್ದಾಳೆ. ಮಗಳ ಮನೆಯಲ್ಲಿ ಉಪ್ಪಿಗೇನು ಬರ ಎಂದೂ ಅಂದುಕೊಂಡಿರಬಹುದು. ಹೊಳೆಯ ದಂಡೆಯಲ್ಲಿ ಒಲೆ ಉರಿಯುತ್ತದೆಂದು ಆಕೆಗೇನು ಗೊತ್ತು?

ಅಪ್ಪ ನೀರಿನಲ್ಲಿ ಸೊಂಟದ ತನಕ ನಿಂತಿದ್ದ. ನಮ್ಮ ಕಡೆ ಅವನ ಬೆನ್ನು.

ಅತ್ತೆ ಸೆರಗಿನ ತುದಿ ಬಿಚ್ಚಿ ಕೀಲಿ ನನ್ನ ಕೈಗಿಟ್ಟರು. ಧ್ವನಿ ತಗ್ಗಿಸಿ, "ಮನಿ ದೂರಿಲ್ಲ. ಓಡಿ ಹೋಗಿ ಒಂದು ಹಳ್ಳು ಉಪ್ಪು ತಂದು ಹಾಕು. ನಾ ಆ ಕಡಿ ಮುಖ ಮಾಡಿ ಕುಂದರ್ತೀನಿ," ಎಂದರು. ಹೇಳಿದಂತೆ ಹೊಳೆಯ ಆ ದಂಡೆಯ ಕಡೆ ಮುಖ ತಿರುಗಿಸಿ ಕುಳಿತೂಬಿಟ್ಟರು. ಹೊತ್ತಿಗೊಂದು ನೇಮ ಇಟ್ಟುಕೊಂಡ ಹೆಂಗಸು. ಆ ನೇಮಗಳಲ್ಲಿ ಒಂದನ್ನು ನನಗಾಗಿ ಆಚೆ ಸರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೀಲಿ ಹಿಡಿದು ನಿಂತೆ. ಬೇಳೆ ಕುದಿಯುತ್ತಿತ್ತು. ಉಪ್ಪಿಲ್ಲದ ಬೇಳೆ ಎಂದರೆ ಏನು? ನಾಲ್ಕು ವರ್ಷ ಕಾದು, ಮೊದಲ ಸಲ ಅಪ್ಪನ ಎಲೆಗೆ ಹಾಕುವುದು ಸಪ್ಪೆ ಬೇಳೆಯೇ? ಆದರೆ ಬೇರೆಲ್ಲದಕ್ಕೂ ಅತ್ತೆಯ ವಕೀಲಿಕೆ ನಡೆದೀತು, ಉಪ್ಪಿಗೆ ನಡೆಯದು. ಯಾರ ಉಪ್ಪು ಉಂಡರೆ ಅವರ ಋಣ. ಆ ಒಂದು ಹಳ್ಳು ಬಿದ್ದರೆ ಇಡೀ ಊಟ ಅತ್ತೆಯ ಮನೆಯದಾಗುತ್ತದೆ. ಅಪ್ಪ ತನಗೆ ತಿಳಿಯದೆ ನೇಮ ಮುರಿದು, ನಗುತ್ತ ಎದ್ದು ಹೋಗುತ್ತಾನೆ.

ಕೀಲಿಯನ್ನು ಅತ್ತೆಯ ಮಡಿಲಿಗೆ ಹಾಕಿದೆ.

"ಯಾಕ?"

"ಅವ ಉಂಡ ಮ್ಯಾಲ ನಾ ಅವನ ಮುಖ ನೋಡಬೇಕ್ರಿ ಅತ್ತಿ."

ಅತ್ತೆ ಎದ್ದರು. ಬಗ್ಗಿ ಒಂದು ಕಲ್ಲು ಹೆಕ್ಕಿದರು. ಸೆರಗು ಸೊಂಟಕ್ಕೆ ಸಿಗಿಸಿ, ಹುಣಸೆಮರದ ಮೇಲೆ ಗುರಿಯಿಟ್ಟು ಬೀಸಿ ಎಸೆದರು. ಒಂದು ಗೊಂಚಲು ಕಾಯಿ ಪಟಪಟನೆ ಬಿದ್ದವು. ಅರ್ಧ ಹಣ್ಣು, ಅರ್ಧ ಕಾಯಿ. ಎತ್ತುಗಳು ಬೆದರಿ ಕಿವಿ ನಿಮಿರಿಸಿದವು.

"ಈ ಮರಾನೂ ಯಾರದೂ ಅಲ್ಲ," ಎಂದರು ಅತ್ತೆ, ಏದುಸಿರು ಬಿಡುತ್ತ. "ಉಪ್ಪಿಲ್ಲಂದ್ರ ಹುಳಿ ಮುಂದ ಮಾಡು. ಕೈ ನಡೀಲಿ."

ಕೈ ನಡೆಯಿತು. ಹುಣಸೆಯನ್ನು ಕೆಂಡದಲ್ಲಿ ಸುಟ್ಟು, ಕಿವುಚಿ ರಸ ತೆಗೆದೆ. ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕೆಂಡಕ್ಕೆ ಹಾಕಿ, ಮೆತ್ತಗಾದ ಮೇಲೆ ಹಿಸುಕಿದೆ. ಮೆಣಸಿನಕಾಯಿ ಕಪ್ಪಾಗುವ ತನಕ ಸುಟ್ಟು ಅಂಗೈಯಲ್ಲಿ ಪುಡಿ ಮಾಡಿದೆ. ಎಲ್ಲ ಬೇಳೆಗೆ ಸೇರಿಸಿ, ಸಾಸಿವೆಯಷ್ಟು ಬೆಲ್ಲ ಹಾಕಿದೆ. ಹುಳಿ, ಖಾರ, ಸುಟ್ಟ ವಾಸನೆ ಮೂರೂ ಒಟ್ಟಿಗೆ ನುಗ್ಗಿದರೆ ನಾಲಿಗೆಗೆ ಉಪ್ಪಿನ ನೆನಪು ತಡವಾಗಿ ಬರುತ್ತದೆ. ಇದನ್ನು ಯಾರೂ ನನಗೆ ಕಲಿಸಿರಲಿಲ್ಲ. ಇನ್ನು ರೊಟ್ಟಿ. ರೊಟ್ಟಿಗೆ ಹೇಗೂ ಉಪ್ಪು ಬೇಡ. ಬಂಡಿಯಿಂದ ಒಂದು ಸಣ್ಣ ಫರಸಿ ಇಳಿಸಿಕೊಂಡು, ತೊಳೆದು, ಅದರ ಮೇಲೆ ಹಿಟ್ಟು ನಾದಿ ಬಡಿದೆ. ಅಪ್ಪನ ಪಡಸಾಲೆಗೆ ಹೋಗಬೇಕಾಗಿದ್ದ ಕಲ್ಲು. ಹೊಸ ಜೋಳದ ಹಿಟ್ಟು ಜಿಗಿ ಹಿಡಿದು ಅಂಗೈಯಗಲವಾಗಿ ಹರಡಿತು. ಹಂಚಿನ ಮೇಲೆ ಪ್ರತಿ ರೊಟ್ಟಿಯೂ ಉಬ್ಬಿತು. ಅಷ್ಟು ಚೆನ್ನಾಗಿ ಉಬ್ಬಿದ ರೊಟ್ಟಿ ಆಮೇಲೆ ನಾನು ಮಾಡಿಲ್ಲ ಎಂದರೆ ನನ್ನ ಮಕ್ಕಳು ಒಪ್ಪುವುದಿಲ್ಲ. ನನಗೆ ಮಾತ್ರ ಹಾಗೇ ಅನಿಸುತ್ತದೆ.

ಅಪ್ಪ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದ. ಅವ್ವ ಹಚ್ಚಿದ ಮುತ್ತಲ ಎಲೆಯ ಮೇಲೆ ರೊಟ್ಟಿ, ಬೇಳೆ ಹಾಕಿದೆ. ಅವನು ಕೂರಲಿಲ್ಲ. ಅತ್ತೆಯ ಕಡೆ ನೋಡಿ, "ಅಕ್ಕೋರ, ಬರ್ರಿ. ಇವತ್ತ ನೀವು ನಮ್ಮನ್ಯಾಗ ಉಣಬೇಕು," ಎಂದ.

"ಎಲ್ಲದ ನಿಮ್ಮನಿ?"

ಅಪ್ಪ ಬಂಡಿಯಲ್ಲಿದ್ದ ಫರಸಿ ತೋರಿಸಿದ. "ಹಾಸೂದಷ್ಟೇ ಬಾಕಿ ಅದ."

ಅತ್ತೆ ನಕ್ಕುಬಿಟ್ಟರು. "ಸೊಸಿ ತವರ ಊಟ ಬ್ಯಾಡನ್ನಾಕ ನಮಗೇನು ನೇಮ ಇಲ್ಲರಿ," ಎನ್ನುತ್ತ ಬಂದು ಕುಳಿತರು.

ಅಪ್ಪ ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟ. ಅಗಿದ. ಅವನ ಹುಬ್ಬು ಸಣ್ಣಗೆ ಮೇಲೇರಿದ್ದನ್ನು ನಾನು ಕಂಡೆ. ಕಣ್ಣು ಗಂಟಿನ ಬಟ್ಟೆಯ ಕಡೆ ಹೋಯಿತು, ಆಮೇಲೆ ನನ್ನ ಕಡೆ ಬಂತು. 

"ಹಾಕಿಲ್ಲೇನು?" ಎಂದ.

"ಗಂಟಿನಾಗ ಇರಲಿಲ್ಲ."

"ಮನೀಂದ ತರಲಿಲ್ಲ?"

"ತರಲಿಲ್ಲ."

ಅಪ್ಪ ತಲೆಯಾಡಿಸಿದ. ಎರಡನೆಯ ತುತ್ತಿಗೆ ಬೇಳೆಯನ್ನು ಇನ್ನಷ್ಟು ಹೆಚ್ಚಾಗಿ ಅದ್ದಿಕೊಂಡ. "ಭಾಳ ಚಲೋ ಆಗ್ಯಾದ," ಎಂದ.

"ಬೀಗ್ರು ಪೂಜಿ ಮಾಡಿದ ಬಾಯಿಲೆ ಸುಳ್ಳು ಹೇಳಲಿಕತ್ತಾರ," ಎಂದರು ಅತ್ತೆ.

"ಸುಳ್ಳಾದ್ರ ಮತ್ತ ನೀವ್ಯಾಕ ಎರಡನೇ ರೊಟ್ಟಿಗಿ ಕೈ ಹಾಕೀರಿ?"

"ನನಗ ಹಸಿವಿ ಆಗ್ಯಾದ. ಮರಕ್ಕ ಕಲ್ಲು ಹೊಡದೀನಿ ಇವತ್ತ, ಗೊತ್ತದ ಏನು ನಿಮಗ?"

ಉಂಡರು. ನಾನು ಬಿಸಿ ರೊಟ್ಟಿ ಹಾಕುತ್ತ ಹೋದೆ. ಅಪ್ಪ ಉಣ್ಣುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ತವರಿನಲ್ಲಿ ಗಂಡಸರು ಪಡಸಾಲೆಯಲ್ಲಿ, ನಾವು ಒಳಗೆ. ಅವನು ತುತ್ತಿಗೊಮ್ಮೆ ರೊಟ್ಟಿಯ ಅಂಚನ್ನು ತಿರುಗಿಸಿ ನೋಡುತ್ತಿದ್ದ, ಹೊಲದಲ್ಲಿ ತೆನೆ ನೋಡುವ ಹಾಗೆ. ಎಲೆಯಲ್ಲಿ ಒಂದು ಚೂರೂ ಬಿಡಲಿಲ್ಲ. ಕೊನೆಗೆ ಅಂಬಲಿ. ಅವನು ಒಂದು ಬಟ್ಟಲು ಪೂರ್ತಿ ಕುಡಿದು, ಮತ್ತೊಂದಕ್ಕೆ ಕೈ ಚಾಚಿದ. ಅದಕ್ಕೂ ಉಪ್ಪಿರಲಿಲ್ಲ. ಆಮೇಲೆ ನಾನು ಕುಡಿದೆ. ನಾಲ್ಕು ವರ್ಷದ ಮೇಲೆ. ಬಿಸಿ, ಹುಳಿ, ಸಪ್ಪೆ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು.

"ಮನಿಗಿ ಹೋಗಿ ಅವ್ವಗ ಹೇಳು, ಉಪ್ಪು ಮರತಿದ್ದಿ ಅಂತ," ಎಂದೆ.

"ಹೇಳಂಗಿಲ್ಲ ತಾಯಿ. ಹೇಳಿದ್ರ ಆಕಿ ನಾಕು ದಿನ ಉಣ್ಣೂದು ಬಿಡ್ತಾಳ. ಎಲ್ಲಾ ಸರೀ ಇತ್ತು ಅಂತೀನಿ." ಸ್ವಲ್ಪ ತಡೆದು, "ಸರೀ ಇತ್ತು," ಎಂದ.

ನನ್ನ ಮೊದಲ ಮಗು ಹುಟ್ಟಿದ್ದು ಅದರ ಮೇಲೆ ಎರಡು ವರ್ಷಕ್ಕೆ. ತೊಟ್ಟಿಲಿಗೆ ಅವ್ವ ಒಬ್ಬಳೇ ಬಂದಳು. ಅಪ್ಪ ಹಿಂದಿನ ಮಳೆಗಾಲದಲ್ಲೇ ಹೋಗಿಬಿಟ್ಟಿದ್ದ. ಆ ದಿನ ಅವ್ವ ನಮ್ಮ ಹೊಸ್ತಿಲೊಳಗೆ ಕುಳಿತು ನನ್ನ ಕೈಯ ಹೋಳಿಗೆ ಉಂಡಳು, ತುಪ್ಪ ಹಾಕಿಸಿಕೊಂಡಳು. ನಾನು ಬಡಿಸುತ್ತ ಪಕ್ಕದ ಖಾಲಿ ಮಣೆಯನ್ನು ನೋಡಲಿಲ್ಲ. ಇಂದು ನನ್ನ ಒಲೆ ಬೇರೆ, ಹಿಟ್ಟು ಗಿರಣಿಯದು, ನೀರು ನಳದ್ದು. ಅಂಬಲಿ ಮಾತ್ರ ದಿನವೂ ಮಾಡುತ್ತೇನೆ. ಉಪ್ಪು ಹಾಕುವ ಮೊದಲು ಒಂದು ಬಟ್ಟಲು ನನಗೆಂದು ತೆಗೆದಿಡುತ್ತೇನೆ. ವೈದ್ಯರು ಉಪ್ಪು ಬಿಡಿಸಿದ್ದಾರೆಂದು ಮಕ್ಕಳು ತಿಳಿದಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಆ ಸೋಮವಾರ ಮಧ್ಯಾಹ್ನ ಅಪ್ಪ ಎತ್ತುಗಳ ಮೈ ತೊಳೆದ. ಅತ್ತೆ ಹುಣಸೆಯ ನೆರಳಲ್ಲಿ ಕಣ್ಣು ಮುಚ್ಚಿದರು. ಹಗಲು ಮಲಗಿದ್ದನ್ನು ಕೇಳಿದರೆ ಆಮೇಲೂ ಒಪ್ಪಲಿಲ್ಲ. ನಾನು ಹಂಚು, ತಪೇಲಿ ಉಸುಕು ಹಾಕಿ ಬೆಳಗಿದೆ, ಫರಸಿಯನ್ನು ತೊಳೆದು ಬಂಡಿಗೆ ಹಾಕಿದೆ, ಮೂರು ಕಲ್ಲುಗಳನ್ನು ಇದ್ದಲ್ಲಿಗೆ ಉರುಳಿಸಿದೆ. ಗಡಿಗೆಯನ್ನು ತೊಳೆಯಲು ಎತ್ತಿದಾಗ ಅಪ್ಪ, "ಅದನ್ನ ತೊಳೀಬ್ಯಾಡ. ನಿಮ್ಮವ್ವಗ ಹಂಚು ಸಾಕು. ಗಡಿಗಿ ನೀ ಇಟಗೋ," ಎಂದ. ಹೊತ್ತಿಳಿದಾಗ ಅವನ ಕಾಲಿಗೆ ಎರಗಿದೆ. ಮರುದಿನ ನಸುಕಿನಲ್ಲೇ ಬಂಡಿ ಹೂಡುವವನು, ಮತ್ತೆ ಮನೆಯ ಕಡೆ ಬರುವುದಿರಲಿಲ್ಲ. ತಲೆಯ ಮೇಲೆ ಕೈಯಿಟ್ಟ. ಕೈಯಿಂದ ಸುಟ್ಟ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು.

ಮನೆಗೆ ಬಂದೆವು. ಅತ್ತೆ ಕೀಲಿ ತೆಗೆದು ಒಳಗೆ ಹೋಗಿ ದೀಪ ಹಚ್ಚಿದರು. ನಾನು ಒಂದು ಕೈಯಲ್ಲಿ ಗಡಿಗೆ, ಒಂದು ಕೈಯಲ್ಲಿ ಬುರುಡೆ ಹಿಡಿದು ಹೊಸ್ತಿಲ ಹೊರಗೇ ನಿಂತೆ. ಎಮ್ಮೆ ಕರೆಯುವುದು ಕೇಳುತ್ತಿತ್ತು. ಒಳಗೆ ಅತ್ತೆ ಎಮ್ಮೆಯ ಹಗ್ಗ ಹುಡುಕುತ್ತ ಅತ್ತಿತ್ತ ಓಡಾಡಿದರು. ಆಮೇಲೆ ಅವರ ಧ್ವನಿ ಬಂತು.

"ಅಲ್ಲೇ ನಿಂತು ಏನು ಬೇರು ಬಿಡ್ಲಿಕತ್ತಿ? ಒಳಗ ತಾ ಅದನ್ನ."

"ಹುಳಿ ಅದರಿ ಅತ್ತಿ ಇದರಾಗ."

"ಗೊತ್ತದ. ದಿನಾ ಸಂಬಾಳಸಬೇಕು." ಅವರು ಒಲೆಯ ಬಲಗಡೆಯ ಮೂಲೆಯಲ್ಲಿದ್ದ ಬುಟ್ಟಿಯನ್ನು ಸರಿಸಿ ಜಾಗ ಮಾಡಿದರು. "ಇಲ್ಲಿಡು. ಬೆಚ್ಚಗಿರ್ತದ. ಇವತ್ತಿಂದು ಮುಗಿಸು, ನಾ ಹಾಲು ಹಿಂಡಿ ಬರ್ತೀನಿ."

ಬಲಗಾಲಿಟ್ಟು ಹೊಸ್ತಿಲು ದಾಟಿದೆ. ಬುರುಡೆಯ ತಳದ ಹುಳಿಯನ್ನು ಗಡಿಗೆಗೆ ಹಾಕಿದೆ. ಅತ್ತೆಯ ಡಬ್ಬಿಯಿಂದ ಎರಡು ಹಿಡಿ ಹಿಟ್ಟು, ಕೊಡದಿಂದ ನೀರು. ಗಂಟಿಲ್ಲದಂತೆ ಕಲಸಿದೆ. ಬಾಯಿಗೆ ಬಟ್ಟಲು ಮುಚ್ಚಿ ಮೂಲೆಯಲ್ಲಿಟ್ಟು, ಒಲೆಯ ಕೆಂಡದ ಮೇಲೆ ಬೂದಿ ಎಳೆದೆ.